ಹಾಡು ಗೆದ್ದಿತು ಸರಿ, ಗೆಲ್ಲಿಸಿದವರು ಯಾರು?

ಗಂಗಾವತಿಯ ಗೆಳೆಯರಿಗೆ,

'ಮುಂಗಾರು ಮಳೆ' ಚಿತ್ರದ ಹಾಡುಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಕಾಗುಣಿತದ ತಪ್ಪೂ ಇಲ್ಲ. ಹೊಗಳಿಕೆ ಇಷ್ಟು ಸಾಕು, ಜಗಳಕ್ಕೆ ಬರುತ್ತೇನೆ.

ನಿಮ್ಮ ಮೊದಲ ಸಾಲು: 'ಜಯಂತ ಕಾಯ್ಕಿಣಿಯವರ ಮಾಂತ್ರಿಕ ಲೇಖನಿಯ ಹಾಡುಗಳು ಇಡೀ ನಾಡನ್ನೇ ತೋಯಿಸಿದವು.' ಎಲ್ಲ ಹಾಡನ್ನೂ ಅವರೇ ಬರೆದರಾ? 'ಅನಿಸುತಿದೆ ಯಾಕೋ ಇಂದು' ಅವರದು, ಒಪ್ಪಿದೆ. ಚಿತ್ರದ ಹೆಸರಿನ ಹಾಡೇ ನಿರ್ದೇಶಕ ಯೋಗರಾಜ್ ಭಟ್ಟರದು. 'ಒಂದೇ ಒಂದು ಸಾರಿ' ಕವಿರಾಜ್ ಅವರದು. ಸಿ.ಡಿ. ಕವರ್ ತಿರುಗಿಸಿ ನೋಡಿದ್ದರೆ ಸಾಕಿತ್ತು. 'ಮಾಂತ್ರಿಕ' ಅಂದುಬಿಟ್ಟರೆ ಯಾರು ಏನು ಮಾಡಿದರು ಅಂತ ವಿಚಾರಿಸುವ ಕೆಲಸ ತಪ್ಪುತ್ತದೆ, ಅಲ್ವಾ?

ಮುಂದಿನ ಸಾಲು: 'ಕನ್ನಡ ಬಾರದ ಸೋನು ನಿಗಮ್ ಹೃದಯದಿಂದ ಹಾಡಿದರು.' ಸುಮ್ನೆ ಹೃದಯದಿಂದ ಹಾಡಿದರೆ 'ಳ'ಕಾರ ಬಾಯಿಗೆ ಬರುತ್ತದಾ? ಹೊರಗಿನ ಗಾಯಕರು ಸಾಮಾನ್ಯವಾಗಿ ಸಾಲುಗಳನ್ನು ತಮ್ಮ ಲಿಪಿಯಲ್ಲಿ ಬರೆದುಕೊಳ್ಳುತ್ತಾರೆ. ಯಾರಾದರೂ ಜೊತೆಗಿದ್ದು ಅರ್ಥ ಬಿಡಿಸಿ ಹೇಳುತ್ತಾರೆ, ಉಚ್ಚಾರ ತಿದ್ದುತ್ತಾರೆ. ಸರಿ ಬರುವವರೆಗೂ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡಿಸುತ್ತಾರೆ. ನನಗೆ ಓದಬೇಕೆನಿಸುವುದು ಆ ಬೆವರಿನ ಕಥೆ.

ಬಳ್ಳಾರಿಯ ಸಂಜೆ ಪತ್ರಿಕೆಯಲ್ಲಿ ನಾನು ಕೆಲಸ ಕಲಿಯುವಾಗ ಹಿರಿಯರೊಬ್ಬರಿದ್ದರು. ಯಾರಾದರೂ 'ಜನ ಹುಚ್ಚೆದ್ದು ಕುಣಿದರು' ಅಂತ ಬರೆದರೆ, 'ಯಾವ ಟಾಕೀಸಿನಾಗಪಾ? ನೀ ಅಲ್ಲಿದ್ದೇನು?' ಎನ್ನುತ್ತಿದ್ದರು. ಹಾಡಿನ ಸುದ್ದಿ ಬೇಕೆಂದರೆ ನನ್ನನ್ನು ಕಳಿಸುತ್ತಿದ್ದುದು ಕ್ಯಾಸೆಟ್ ಅಂಗಡಿಗೆ. ಗಿರಾಕಿಗಳು ಚೀಟಿ ಕೊಟ್ಟು ತಮಗೆ ಬೇಕಾದ ಹಾಡುಗಳನ್ನು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಳ್ಳುವ ಕಾಲ ಅದು. ಚಿತ್ರದ ಹೆಸರು ಗೊತ್ತಿಲ್ಲದವರು ಕೌಂಟರಿನ ಮುಂದೆ ನಿಂತು ಗುನುಗುತ್ತಿದ್ದರು. ಅಂಗಡಿಯವನು ಅಷ್ಟರಲ್ಲೇ ಹಾಡು ಹಿಡಿಯುತ್ತಿದ್ದ. ಯಾವ ಹಾಡು ಓಡುತ್ತಿದೆ ಅಂತ ಆ ಚೀಟಿಗಳೇ ಹೇಳುತ್ತಿದ್ದವು. ಪೋಸ್ಟರನ್ನು ಯಾರು ನಂಬುತ್ತಿದ್ದರು!

ಸಂಗೀತ ಕೊಟ್ಟ ಮನೋಮೂರ್ತಿಯವರ ಪ್ಯಾರಾ, ನಾಯಕ ಗಣೇಶ್ ಪ್ಯಾರಾ ಹಾಗಿರಲಿ. ಆದರೆ ಕೊನೆಯ ಪುಟದಲ್ಲಿ ನೀವು ಕಂಸದೊಳಗೆ ಹಾಕಿದ ಒಂದು ಸಾಲು ಇದೆ: 'ನಮ್ಮೂರ ಟಂಟಂ ಡ್ರೈವರ್ ನಾಟಿಯ ಹೆಣ್ಣುಮಕ್ಕಳು ಹತ್ತಿದರೆ ಇದೇ ಹಾಡು ಮೊದಲಿಂದ ಹಾಕುತ್ತಿದ್ದ.' ಇದನ್ನು ಯಾಕೆ ಬಚ್ಚಿಟ್ಟಿರಿ ಮಾರಾಯರೆ? ಚಿತ್ರ ಬಿಡುಗಡೆಯಾದದ್ದು 2006ರ ಡಿಸೆಂಬರ್ 29ಕ್ಕೆ. ಹೆಸರಲ್ಲಿ ಮುಂಗಾರು, ಬಂದದ್ದು ಚಳಿಗಾಲದಲ್ಲಿ. ಆಮೇಲೆ ನಿಮ್ಮ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ನೀರಿಗೆ ಬೇಸಿಗೆ ಭತ್ತದ ನಾಟಿ. ಕೊಡಗಿನ ಮಳೆಯ ಹಾಡು ಕೇಳುತ್ತಾ ಗದ್ದೆಗೆ ಹೋಗುವ ಹೆಂಗಸರು! ನಿಮ್ಮ 'ಇಡೀ ನಾಡು' ಆ ಗಾಡಿಯೊಳಗೇ ಕೂತಿತ್ತು.

ಆ ಡ್ರೈವರ್ ಈಗಲೂ ಸಿಕ್ಕರೆ ಹೋಗಿ ಮಾತಾಡಿಸಿ. ಹಾಡು ಎಲ್ಲಿ ತುಂಬಿಸಿಕೊಂಡ, ಯಾರು ಕೇಳಿ ಹಾಕಿಸಿದರು, ಯಾವ ಸಾಲಿಗೆ ಹೆಂಗಸರು ದನಿಗೂಡಿಸಿದರು, ಯಾರು ಬೇಜಾರಾಗಿ ಬಂದ್ ಮಾಡು ಅಂದರು, ಎಲ್ಲಾ ಕೇಳಿ. ಎರಡು ಪುಟ ಬರೆಯಿರಿ, ಜಾಸ್ತಿ ಬೇಡ. ಸೋನು ನಿಗಮ್ ಫೋಟೋ ಕಳಿಸಬೇಡಿ, ಆ ಟಂಟಂ ಫೋಟೋ ಇದ್ದರೆ ಕಳಿಸಿ.