ಓದುಗರ ಪ್ರಶ್ನೆ, ಆಪ್ತಸಮಾಲೋಚಕರ ಉತ್ತರ: ಚಿಕಿತ್ಸೆಯ ಕೋಣೆಗೆ ಬೇರೆಯವರನ್ನು ಏಕೆ ಕರೆಯುತ್ತಾರೆ?

ಪ್ರಶ್ನೆ: ನಾವು ಗಂಗಾವತಿಯವರು. ಮಗನೆಂದು ಬೆಳೆಸಿದ ಮಗು ತಾನು ಹೆಣ್ಣು ಎಂದು ಹೇಳಿದ ಮೇಲೆ ಆಪ್ತಸಮಾಲೋಚಕರ ಬಳಿಗೆ ಕಳಿಸುತ್ತಿದ್ದೇವೆ. ಈಗ ಅವರು ನನ್ನನ್ನೂ ಹಿರಿಯ ಮಗಳನ್ನೂ ಒಬ್ಬ ಗೆಳತಿಯನ್ನೂ ಕೂರಿಸಿ ಮಾತಾಡಬೇಕು, ಹೊಸಪೇಟೆಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ಗುಂಪೊಂದಕ್ಕೆ ಪರಿಚಯಿಸಬೇಕು ಎನ್ನುತ್ತಾರೆ. ಇದು ಗುಟ್ಟಾಗಿ ಇರಬೇಕಾದದ್ದಲ್ಲವೆ? ಬಂಧುಗಳಂತೂ ಹುಲಿಗಿಯ ದೇವಿಯ ಗುಡಿಗೆ ಕರೆದೊಯ್ದು ಮುತ್ತು ಕಟ್ಟಿಸಿ, ದೇವಿಗೆ ಮುಡಿಪಾದ ಜೋಗತಿಯಾಗಿಸಿಬಿಡಿ ಎನ್ನುತ್ತಿದ್ದಾರೆ. — ಒಬ್ಬ ತಾಯಿ

ಉತ್ತರ: ಗುಟ್ಟು ಕಾಯಬೇಕಾದದ್ದು ನಿಜ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅದನ್ನು ಚಿಕಿತ್ಸೆ ಪಡೆಯುವವರ ಹಕ್ಕೆಂದೇ ಹೇಳಿದೆ. ಆದ್ದರಿಂದ ಈ ಮೂವರ ಹೆಸರು ಹೇಳಿದವರು ಯಾರು ಎಂದು ಮೊದಲು ಚಿಕಿತ್ಸೆಗೆ ಹೋಗುತ್ತಿರುವ ನಿಮ್ಮ ಮಗಳನ್ನೇ ಕೇಳಿ. ಅವರೇ ಹೇಳಿದ್ದರೆ ಅಂಜಬೇಡಿ. ಸಮಾಲೋಚಕರು ತಾವಾಗಿ ಆರಿಸಿದ್ದರೆ ಬೇಡವೆನ್ನುವ ಅಧಿಕಾರ ನಿಮ್ಮ ಮಗಳಿಗಿದೆ.

ನಿಮ್ಮ ಮಗಳಿಗೆ ಇರುವುದು ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗ ವರ್ಗೀಕರಣದಲ್ಲಿ ಇದನ್ನು ಮಾನಸಿಕ ಕಾಯಿಲೆಗಳ ಸಾಲಿನಿಂದ ತೆಗೆದುಹಾಕಿದೆ. ಸಮಾಲೋಚಕರು ನೋಡಿಕೊಳ್ಳಬೇಕಾದದ್ದು ಭಯ, ನಿದ್ದೆಗೇಡು, ಬದುಕೇ ಬೇಡವೆನ್ನಿಸುವ ಘಳಿಗೆಗಳನ್ನು. ಅವು ಹುಟ್ಟುವುದು ಬಸ್‌ ನಿಲ್ದಾಣದ ಚುಡಾವಣೆಯಿಂದ, ಕಾಲೇಜಿನ ಕುಹಕದಿಂದ, ಮನೆಯಿಂದ ಹೊರಹಾಕಿಬಿಡುತ್ತಾರೇನೋ ಎಂಬ ಅಂಜಿಕೆಯಿಂದ. ವಾರಕ್ಕೊಂದು ತಾಸು ಕೋಣೆಯಲ್ಲಿ ಧೈರ್ಯ ತುಂಬಿ, ಉಳಿದ ದಿನಗಳನ್ನು ಅದೇ ಅಂಜಿಕೆಯೊಳಗೆ ಒಬ್ಬರನ್ನೇ ಬಿಟ್ಟರೆ ಆ ಧೈರ್ಯ ನಿಲ್ಲುವುದಾದರೂ ಹೇಗೆ? ಹೀಗಾಗಿ ಈ ಬಗೆಯಲ್ಲಿ ಕೆಲಸ ಮಾಡುವವರು ಯಾರಿಗೆ ವಿಷಯ ಗೊತ್ತು, ಯಾರು ಜೊತೆ ನಿಲ್ಲುತ್ತಾರೆ, ಯಾರಿಂದ ಅಪಾಯ ಎಂಬುದನ್ನು ಚಿಕಿತ್ಸೆಗೆ ಬಂದವರೊಂದಿಗೆ ಕುಳಿತು ಹಾಳೆಯ ಮೇಲೆ ಬರೆದುಕೊಂಡು, ನಂಬಿಗಸ್ಥರನ್ನು ಒಬ್ಬೊಬ್ಬರಾಗಿ ಕರೆಸುತ್ತಾರೆ. ಏನು ಹೇಳಬೇಕು, ಏನು ಹೇಳಬಾರದು ಎಂಬುದು ಮೊದಲೇ ನಿಶ್ಚಯವಾಗಿರುತ್ತದೆ. ಸಾಕು ಎಂದೊಡನೆ ಮಾತು ನಿಲ್ಲಬೇಕು. ಗುಂಪಿನ ಭೇಟಿಯನ್ನು ಗಂಗಾವತಿಯಲ್ಲಿ ಇಡದೆ ಹೊಸಪೇಟೆಯಲ್ಲಿ ಇಟ್ಟಿರುವುದು, ನನಗೆ ತೋರುವಂತೆ, ಊರವರ ಕಣ್ಣಿಗೆ ಬೀಳದಿರಲೆಂಬ ಎಚ್ಚರದಿಂದಲೇ.

ಜನರ ನಡುವೆ ಮನಸ್ಸಿನ ಆರೈಕೆ ಮಾಡುವುದು ನಮ್ಮ ಸೀಮೆಗೆ ಹೊಸದೇನೂ ಅಲ್ಲ. 1985ರಲ್ಲಿ ನಿಮ್ಹಾನ್ಸ್ ಸಂಸ್ಥೆ ಹಳ್ಳಿಯ ಆರೋಗ್ಯ ಕೇಂದ್ರಗಳ ಮೂಲಕ ಮಾನಸಿಕ ಚಿಕಿತ್ಸೆ ಒದಗಿಸುವ ಪ್ರಯೋಗ ಆರಂಭಿಸಿದ್ದು ಬಳ್ಳಾರಿ ಜಿಲ್ಲೆಯಲ್ಲೇ. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು.

ಇನ್ನು ಹುಲಿಗಿಯ ಮಾತು. ಮನೆಯವರು ಕೈಬಿಟ್ಟ ಎಷ್ಟೋ ಜನರಿಗೆ ಜೋಗತಿಯರ ಪರಂಪರೆ ಗುರುವನ್ನೂ ಸಂಗಾತಿಗಳನ್ನೂ ಕೊಟ್ಟಿದೆ. ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿಯವರು ಆ ದಾರಿಯಲ್ಲೇ ಜೋಗತಿ ನೃತ್ಯ ಕಲಿತು, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿ, 2021ರ ಪದ್ಮಶ್ರೀ ಗೌರವಕ್ಕೆ ಪಾತ್ರರಾದರು. ಆ ಹಿರಿಯರ ಬಗ್ಗೆ ನನಗೆ ಆಳವಾದ ಗೌರವವಿದೆ. ಆದರೆ ಮುತ್ತು ಕಟ್ಟಿಸಿಕೊಳ್ಳುವುದು ಜೀವನಪರ್ಯಂತದ ಒಪ್ಪಿಗೆ. ಮನೆಯ ಭಾರ ಇಳಿಸಿಕೊಳ್ಳಲು ಬಂಧುಗಳು ತೆಗೆದುಕೊಳ್ಳುವ ತೀರ್ಮಾನ ಅದಾಗಬಾರದು. ನಿಮ್ಮ ಮಗಳಿಗೆ ಓದಿ ಶಿಕ್ಷಕಿಯಾಗುವ ಆಸೆಯಿರಬಹುದು. ಯಾರಾದರೂ ಕೇಳಿದ್ದೀರಾ?

ಪ್ರಶ್ನೆ: ನನ್ನ ಒಲವು ಗಂಡಸರತ್ತ. ಮದುವೆಯಾದರೆ ಸರಿಹೋಗುತ್ತದೆ ಎಂದು ವೈದ್ಯರೊಬ್ಬರು ಹೇಳಿದರು. ಬೇರೆಡೆ ತೋರಿಸಲು ಹಣವಿಲ್ಲ. — ಓದುಗ, ಸಿಂಧನೂರು

ಉತ್ತರ: ಮದುವೆಯಿಂದ ಒಲವು ಬದಲಾಗುವುದಿಲ್ಲ, ಏನೂ ಅರಿಯದ ಒಬ್ಬ ಹೆಣ್ಣುಮಗಳ ಬದುಕೂ ನಿಮ್ಮೊಂದಿಗೆ ನಲುಗುತ್ತದೆ. ಒಲವನ್ನು ಬದಲಿಸುತ್ತೇವೆಂಬ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿ ದುರ್ನಡತೆ ಎಂದು ಸಾರಿದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಯಾವ ಸಮಾಲೋಚಕರ ಬಳಿ ಹೋದರೂ, ನಿಮ್ಮ ಕಥೆ ಹೇಳುವ ಮೊದಲು, ಒಲವನ್ನು ಬದಲಿಸಬೇಕೆಂದು ಅವರು ಭಾವಿಸುತ್ತಾರೆಯೇ ಎಂದು ಕೇಳಿ. ಹೌದೆಂದರೆ ಎದ್ದು ಬನ್ನಿ.