ಓದುಗರ ಪ್ರಶ್ನೆ: ನೋಟಿನ ಕಡ್ಡಿ ಮೇಲಿನ ಓರೆಗೀಟು

ಪ್ರಶ್ನೆ: ಕರ್ನಾಟಕ ಶೈಲಿಯ ವಯಲಿನ್ ಕಲಿತ ಮಗಳು ಈಗ ಸ್ಟಾಫ್ ನೊಟೇಷನ್ (ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿ) ಓದಲು ಶುರು ಮಾಡಿದ್ದಾಳೆ. ಒಂದು ಹಾಫ್ ನೋಟಿನ ಕಡ್ಡಿಗೆ ಎರಡು ಓರೆಗೀಟು ಹಾಕಿದ್ದಾರೆ. ಅವಳು ಎರಡೇ ಸಲ ನುಡಿಸುತ್ತಾಳೆ. ಸರಿಯೇ? ಇದನ್ನು ಸರಿಗಮದಲ್ಲಿ ಹೇಗೆ ಬರೆಯುವುದು?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಎಂಟು ಸಲ ನುಡಿಸಬೇಕು. ಗೀಟು ಹೇಳುವುದು ವೇಗವನ್ನು. ಕ್ವಾರ್ಟರ್ ನೋಟಿಗೆ ಒಂದು ಬೀಟ್ ಎಂದಿಟ್ಟುಕೊಂಡರೆ, ಒಂದು ಗೀಟಿಗೆ ಬೀಟಿಗೆರಡು, ಎರಡಕ್ಕೆ ನಾಲ್ಕು, ಮೂರಕ್ಕೆ ಎಂಟು. ಎಷ್ಟು ಹೊತ್ತು ಎನ್ನುವುದಕ್ಕೆ ನೋಟನ್ನೇ ನೋಡಬೇಕು: ಹಾಫ್ ನೋಟ್ ಎರಡು ಬೀಟ್, ಹಾಗಾಗಿ ಎಂಟು. ಪಕ್ಕದಲ್ಲಿ ಚುಕ್ಕಿ ಇದ್ದರೆ ಮೂರು ಬೀಟ್, ಹನ್ನೆರಡು. ಹೋಲ್ ನೋಟಿಗೆ ಕಡ್ಡಿಯೇ ಇಲ್ಲವಲ್ಲ, ಅದರ ಗೀಟು ತಲೆಯ ಮೇಲೋ ಕೆಳಗೋ ಇರುತ್ತದೆ.

ಹೆಚ್ಚಿನವರು ಎಡವುವುದು ಅರ್ಧ ಬೀಟಿನ ಎಯ್ತ್ ನೋಟಿನಲ್ಲಿ. ಅದಕ್ಕೆ ಮೊದಲೇ ಒಂದು ಬಾಲವಿದೆ. ಬಾಲವನ್ನೂ ಗೀಟನ್ನೂ ಕೂಡಿಸಿ ಎಣಿಸಬೇಕು. ಒಂದು ಬಾಲ, ಒಂದು ಗೀಟು ಎಂದರೆ ಎರಡು ಸಿಕ್ಸ್‌ಟೀಂತ್ ನೋಟು (ಒಂದೊಂದೂ ಕಾಲು ಬೀಟು). ಎರಡು ಬೇರೆ ಸ್ವರಗಳ ನಡುವೆ ಗೀಟುಗಳಿದ್ದರೆ ಎರಡನ್ನೂ ಅದಲುಬದಲಾಗಿ ನುಡಿಸಬೇಕು. ಅಲ್ಲಿ ಎರಡೂ ಹಾಫ್ ನೋಟಿನಂತೆ ಕಂಡರೂ ಒಟ್ಟು ಕಾಲ ಎರಡೇ ಬೀಟ್. ನಾಲ್ಕು ಎಣಿಸಿದರೆ ಬಾರ್ (ಎರಡು ಲಂಬಗೆರೆಗಳ ನಡುವಿನ, ಇಂತಿಷ್ಟೇ ಬೀಟಿನ ಭಾಗ) ತುಂಬಿ ಹೊರಚೆಲ್ಲುತ್ತದೆ.

ಮೂರು ಗೀಟು ಕಂಡಾಗ ಟೆಂಪೋ ನೋಡಿ. ನಿಮಿಷಕ್ಕೆ 60 ಬೀಟಿದ್ದರೆ ಸೆಕೆಂಡಿಗೆ ಎಂಟು, ಎಣಿಸಿ ನುಡಿಸಬಹುದು. 120ಕ್ಕೆ ಹದಿನಾರಾಗುತ್ತದೆ, ಅಲ್ಲಿ ಲೆಕ್ಕ ಬಿಟ್ಟು ಒತ್ತೊತ್ತಾಗಿ ನಡುಗಿಸುವುದೇ ರೂಢಿ. ಕಮಾನಿನ ತುದಿಭಾಗದಲ್ಲಿ, ಮಣಿಕಟ್ಟಿನಿಂದ, ಒಂದೆರಡು ಅಂಗುಲದಷ್ಟೇ ಎಳೆಯಲಿ. ಇಡೀ ತೋಳು ಆಡಿಸಿದರೆ ಒಂದೇ ಸಾಲಿಗೆ ಭುಜ ಸೋಲುತ್ತದೆ.

ಇನ್ನು ಸರಿಗಮ. ನಮ್ಮಲ್ಲಿ ಈ ಗೀಟಿಗೆ ಸಮನಾದ ಗುರುತಿಲ್ಲ, ಬಿಡಿಸಿಯೇ ಬರೆಯಬೇಕು: ಸಸಸಸ ಸಸಸಸ. "ಸ , , ," ಎಂದು ಬರೆದರೆ ಅದು ಒಂದೇ ಸ, ಎಳೆದು ನಿಲ್ಲಿಸಿದ್ದು. ಸ್ವರದ ನೆತ್ತಿಯ ಮೇಲೆ ಅಡ್ಡಗೆರೆ ಹಾಕಿದರೆ ವೇಗ ಇಮ್ಮಡಿಯಾಗುತ್ತದೆಯೇ ಹೊರತು ಸ್ವರ ಮರುಕಳಿಸುವುದಿಲ್ಲ. ಬಹುಶಃ ಮಗಳಿಗೆ ಗೊಂದಲವಾಗಿರುವುದು ಇಲ್ಲೇ.

ಅಂದಹಾಗೆ, ಅವಳನ್ನು ಬೈಯಬೇಡಿ. 1638ರಲ್ಲಿ ಅಚ್ಚಾದ ತನ್ನ ಎಂಟನೆಯ ಮ್ಯಾಡ್ರಿಗಲ್ (ಹಲವು ದನಿಗಳ ಹಾಡು) ಪುಸ್ತಕದ ಮುನ್ನುಡಿಯಲ್ಲಿ ಇಟಲಿಯ ಸಂಗೀತ ರಚನಕಾರ ಮಾಂಟೆವರ್ಡಿ ಇಂಥದೇ ದೂರು ಬರೆದಿದ್ದಾನೆ: ಒಂದೇ ಸ್ವರವನ್ನು ಒಂದು ಬಾರ್‌ನಲ್ಲಿ ಹದಿನಾರು ಸಲ ನುಡಿಸಿ ಎಂದರೆ ವಾದ್ಯಗಾರರು ಅದನ್ನು ನಗೆಪಾಟಲು ಎಂದುಕೊಂಡು, ಮೊದಮೊದಲು ಒಂದೇ ಸಲ ಎಳೆದು ಸುಮ್ಮನಾಗುತ್ತಿದ್ದರಂತೆ.

ಪ್ರಶ್ನೆ: ಬ್ಯಾಂಡ್ ಸೆಟ್ಟಿಗೆ ಡ್ರಮ್ ಹಾಳೆ ನಕಲು ಮಾಡುವಾಗ ಶೇಕಡಾ ಚಿಹ್ನೆಯಂಥದು ಬರುತ್ತದೆ. ಏನದು?
– ಓದುಗರು, ಚಿತ್ರದುರ್ಗ

ಉತ್ತರ: ಹಿಂದಿನ ಬಾರನ್ನು ಹಾಗೇ ಮತ್ತೆ ನುಡಿಸಿ ಎಂದು. ಬಾರ್‌ಗೆರೆಯ ಮೇಲೆಯೇ ಜೋಡಿ ಗೀಟು ಹಾಕಿ ನೆತ್ತಿಯಲ್ಲಿ 2 ಎಂದಿದ್ದರೆ ಹಿಂದಿನ ಎರಡು ಬಾರ್. ನಕಲು ಮಾಡುವಾಗ ಹೊಸ ಪುಟದ ಮೊದಲ ಬಾರ್‌ಗೆ ಮಾತ್ರ ಈ ಚಿಹ್ನೆ ಬೇಡ, ಅಲ್ಲಿ ಪೂರ್ತಿ ಬರೆಯಿರಿ. ಪುಟ ತಿರುವಿದವನಿಗೆ ಹಿಂದಿನದು ಕಾಣುವುದಿಲ್ಲ. ಸಾಲಾಗಿ ಎಂಟು ಹತ್ತು ಬಂದರೆ ನಾಲ್ಕಕ್ಕೊಮ್ಮೆ ಮೇಲೆ ಬಾರ್ ಸಂಖ್ಯೆ ಹಾಕಿ.