ರನ್‌ವೇ ಒಂದೇ, ಬಳಸುವವರು ಇಬ್ಬರು: ನಿಮ್ಮ ಲೇಖನದ ಬಗ್ಗೆ

ನಮಸ್ಕಾರ,

ಸೇನೆಯೂ ಜನರೂ ಒಟ್ಟಿಗೆ ಬಳಸುವ ವಿಮಾನ ನಿಲ್ದಾಣಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ (ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ನಕ್ಷೆ) ಗುರುತಿಸುವುದು ಹೇಗೆ ಎಂದು ಮಂಡ್ಯದಿಂದ ನೀವು ಕಳಿಸಿದ ಲೇಖನ ಓದಿದೆ. ವಿಷಯ ಒಳ್ಳೆಯದು, ಬರವಣಿಗೆಯೂ ತಿಳಿಯಾಗಿದೆ. ಆದರೆ ಈಗಿರುವ ಹಾಗೆ ಪ್ರಕಟಿಸಲಾರೆ. ಇದನ್ನು ನಂಬಿ ನಕ್ಷೆ ತಿದ್ದಲು ಕೂತವರು ಎಡವುತ್ತಾರೆ.

ಹತ್ತಿರದ್ದೆಂದು ಮೈಸೂರಿನ ಮಂಡಕಳ್ಳಿಯನ್ನು ಉದಾಹರಣೆಗೆ ತೆಗೆದುಕೊಂಡಿದ್ದೀರಿ. ಅದು ಅಪ್ಪಟ ನಾಗರಿಕ ನಿಲ್ದಾಣ. 1740 ಮೀಟರ್ ರನ್‌ವೇಯೂ ಟರ್ಮಿನಲ್ಲೂ ವಿಮಾನ ನಿಲ್ದಾಣ ಪ್ರಾಧಿಕಾರದವೇ. ನಿಮಗೆ ಬೇಕಿರುವುದು ಬೀದರ್. ಅಲ್ಲಿ ರನ್‌ವೇ ವಾಯುಪಡೆಯದು. 2020ರಲ್ಲಿ ಪ್ರಯಾಣಿಕರಿಗೆ ತೆರೆದ ಟರ್ಮಿನಲ್ ಮತ್ತು ಏಪ್ರನ್ (ವಿಮಾನಗಳು ನಿಲ್ಲುವ ಅಂಗಳ) ಅಷ್ಟೇ ಬೇರೆ. 'ಸಿವಿಲ್ ಎನ್‌ಕ್ಲೇವ್' ಅನ್ನುವುದು ಈ ತುಂಡಿಗೆ. ಬೆಳಗಾವಿಯ ಸಾಂಬ್ರಾದಲ್ಲಿ ನಿಲ್ದಾಣ ಪ್ರಾಧಿಕಾರದ್ದು, ವಾಯುಪಡೆಯ ತರಬೇತಿ ಕೇಂದ್ರ ಪಕ್ಕದಲ್ಲಿದೆ. ಬೆಂಗಳೂರಿನ ಹಳೇ ನಿಲ್ದಾಣ ಎಚ್‌ಎಎಲ್‌ನದು. ಗೆರೆ ಎಳೆಯುವ ಮೊದಲು ರನ್‌ವೇ ಯಾರದೆಂದು ನೋಡಿಕೊಳ್ಳಬೇಕು. ಈ ಮಾತು ಲೇಖನದಲ್ಲಿ ಎಲ್ಲೂ ಇಲ್ಲ.

ಇದಕ್ಕಿಂತ ದೊಡ್ಡ ತಪ್ಪು, ನೌಕಾಪಡೆಯ ನೆಲೆಯಲ್ಲಿರುವ ಗೋವಾದ ದಾಬೋಲಿಂ ನಿಲ್ದಾಣದ ಭಾಗದಲ್ಲಿದೆ. 'ನೌಕಾಪಡೆಗೊಂದು, ಪ್ರಯಾಣಿಕರಿಗೊಂದು ಏರೋಡ್ರೋಮ್ ಹಾಕಿ' ಎಂದಿದ್ದೀರಿ (ಏರೋಡ್ರೋಮ್ ಅಂದರೆ ನಕ್ಷೆಯಲ್ಲಿ ವಿಮಾನ ನಿಲ್ದಾಣ). ಹಾಗೆ ಮಾಡಿದರೆ ಹುಡುಕಿದವರಿಗೆ ಎರಡು ದಾಬೋಲಿಂ ನಿಲ್ದಾಣ ಸಿಗುತ್ತವೆ, ಇರುವ ಒಂದೇ ರನ್‌ವೇ ಯಾವುದಕ್ಕೆ ಸೇರಿದ್ದೆಂಬ ಗೊಂದಲ ಹುಟ್ಟುತ್ತದೆ. ಇಡೀ ಆವರಣಕ್ಕೆ 'ಏರೋವೇ=ಏರೋಡ್ರೋಮ್' ಎಂಬ ಒಂದೇ ಟ್ಯಾಗ್ (ಜಾಗ ಏನೆಂದು ಹೇಳುವ ಗುರುತು) ಸಾಕು (ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರಗಳಲ್ಲಿ); ನಿಲ್ದಾಣವನ್ನು ಗುರುತಿಸುವ ಐಎಟಿಎ, ಐಸಿಎಒ ಅಂತರರಾಷ್ಟ್ರೀಯ ಕೋಡ್‌ಗಳು ಅದಕ್ಕೇ. ಜಂಟಿ ಬಳಕೆಯನ್ನು 'ಏರೋಡ್ರೋಮ್:ಟೈಪ್' ಟ್ಯಾಗಿನಲ್ಲಿ 'ಮಿಲಿಟರಿ/ಪಬ್ಲಿಕ್' ಎಂದು ತೋರಿಸಬಹುದು. ಸೇನೆಯ ಜಾಗಕ್ಕೆ 'ಲ್ಯಾಂಡ್‌ಯೂಸ್=ಮಿಲಿಟರಿ' ಎಂಬ ಪ್ರತ್ಯೇಕ ಬಹುಭುಜ (ಜಾಗವನ್ನು ಸುತ್ತುವರಿಯುವ ಆಕೃತಿ) ಎಳೆದು, ಅದರ ಅಂಚು ಟರ್ಮಿನಲ್, ನಾಗರಿಕ ಏಪ್ರನ್, ಪಾರ್ಕಿಂಗ್ ಜಾಗಗಳನ್ನು ಹೊರಗಿಟ್ಟು ಸುತ್ತಿ ಬರುವಂತೆ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಪ್ರಯಾಣಿಕರ ಟರ್ಮಿನಲ್ ಮೇಲೂ ಸೇನೆಯ ಜಾಗವೆಂದು ತೋರಿಸುವ ಕೆಂಪು ಓರೆಗೆರೆ ಬೀಳುತ್ತದೆ.

ನೀವು ಮುಟ್ಟದೇ ಬಿಟ್ಟ ತೊಂದರೆ ದಾರಿಯದು. ಏರೋಡ್ರೋಮ್ ಬಹುಭುಜದ ನಡುಬಿಂದು ಸಾಮಾನ್ಯವಾಗಿ ರನ್‌ವೇ ಆಸುಪಾಸಿನಲ್ಲಿ ಬೀಳುತ್ತದೆ. ದಾರಿ ತೋರಿಸುವ ಆ್ಯಪ್ ಅದಕ್ಕೆ ಹತ್ತಿರದ ರಸ್ತೆಯನ್ನು ಹಿಡಿದರೆ ಟ್ಯಾಕ್ಸಿ ಹೋಗಿ ನಿಲ್ಲುವುದು ವಾಯುಪಡೆಯ ಗೇಟಿನ ಮುಂದೆ. ವಿಮಾನ ಹತ್ತಲು ಹೊರಟವರಿಗೆ ಅದು ಸಣ್ಣ ತೊಂದರೆಯಲ್ಲ. ಟರ್ಮಿನಲ್ ಕಟ್ಟಡವನ್ನು ಹೆಸರು ಸಮೇತ ಬೇರೆಯಾಗಿ ಬರೆದು, ಅದರ ರಸ್ತೆಯನ್ನು ಹೆದ್ದಾರಿಗೆ ಸರಿಯಾಗಿ ಜೋಡಿಸಿ, ಸೇನೆಯ ಒಳರಸ್ತೆಗಳಿಗೆ 'ಆಕ್ಸೆಸ್=ಪ್ರೈವೇಟ್' ಹಾಕಬೇಕು. ಇದಕ್ಕೆ ಎರಡು ಪ್ಯಾರಾ ಕೊಡಿ. ಬೇಕಾದರೆ ವಿಮಾನಯಾನದ ಇತಿಹಾಸ ಕತ್ತರಿಸಿ.

ಪುಣೆಯಲ್ಲಿ ವಿಮಾನದ ಕಿಟಕಿಯಿಂದ ತೆಗೆದ ಫೋಟೊ ನಾವು ಹಾಕುವುದಿಲ್ಲ. ಅದು ವಾಯುಪಡೆಯ ಲೋಹೆಗಾಂವ್ ನೆಲೆ. ಇಂಥ ಕಡೆ ಫೋಟೊ ತೆಗೆಯುವಂತಿಲ್ಲ ಎಂದು 2025ರ ಮೇನಲ್ಲಿ ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎ ಮತ್ತೆ ಹೇಳಿದೆ. ಹ್ಯಾಂಗರ್, ರಡಾರ್‌ಗಳನ್ನು ಗುರುತಿಸುವ ಸಲಹೆಯನ್ನೂ ತೆಗೆಯಿರಿ. ಟ್ಯಾಗ್ ತೋರಿಸಲು ಎಡಿಟರ್‌ನ ಸ್ಕ್ರೀನ್‌ಶಾಟ್ ಬೇಕಿದ್ದರೆ ಮಂಡಕಳ್ಳಿಯದನ್ನೇ ಬಳಸಿ, ಅಡಿಯಲ್ಲಿ 'ನಾಗರಿಕ ನಿಲ್ದಾಣ' ಎಂದು ಬರೆಯಿರಿ.

ಇಂತಿ,
ಸಂಪಾದಕ, ಮೈಸೂರು